ರಾತ್ರಿ ನನಗೆ ಎಚ್ಚರವಾಗುವುದಿಲ್ಲ, ಅಮ್ಮ ಮಾತ್ರ ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಯಾಕೆ?

ಮೂತ್ರಪಿಂಡಕ್ಕೂ ಹಗಲುರಾತ್ರಿಯ ಲೆಕ್ಕವಿದೆ. ಹಗಲು ಉಪ್ಪು, ನೀರನ್ನು ಹೆಚ್ಚು ಹೊರಗೆ ಬಿಡುತ್ತದೆ, ರಾತ್ರಿ ಹಿಡಿದಿಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಈ ಲೆಕ್ಕ ತಪ್ಪುತ್ತದೆ.

ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿಹೋಗುತ್ತದೆ, ಮೂತ್ರವಾಗುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದೆಲ್ಲ ರಕ್ತಕ್ಕೇ ವಾಪಸು. ಎಷ್ಟು ವಾಪಸಾಗಬೇಕೆಂದು ಹೇಳುವುದು ಹಾರ್ಮೋನುಗಳು. ಆಲ್ಡೋಸ್ಟಿರೋನ್ ಉಪ್ಪನ್ನು ಹಿಡಿಸುತ್ತದೆ. ಮೆದುಳಿನಿಂದ ಬರುವ ವಾಸೋಪ್ರೆಸಿನ್ ನೀರನ್ನು ಹಿಡಿಸುತ್ತದೆ. ಎಳೆಯ ವಯಸ್ಸಿನಲ್ಲಿ ಇದು ರಾತ್ರಿ ಏರುತ್ತದೆ, ಬೆಳಗಿನ ಮೊದಲ ಮೂತ್ರ ಗಾಢ ಹಳದಿಯಾಗಿರುವುದು ಅದಕ್ಕೇ. ಅನೇಕ ಹಿರಿಯರಲ್ಲಿ ಆ ಏರಿಕೆ ಸರಿಯಾಗಿ ಆಗುವುದಿಲ್ಲ.

ಇನ್ನೊಂದು ಕಾರಣ ಕಾಲಿನಲ್ಲಿದೆ, ಇದನ್ನು ಯಾರೂ ಗಮನಿಸುವುದಿಲ್ಲ. ಅಮ್ಮ ಬದಿಯಡ್ಕದ ಮನೆಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಅಡಿಕೆ ಸುಲಿಯುತ್ತಾರೆ ಎಂದಿದ್ದೀರಿ. ಸಂಜೆ ಅವರ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಉಳಿದರೆ ಅಲ್ಲಿ ನೀರು ತುಂಬಿದೆ. ಮಲಗಿದಾಗ ಆ ನೀರು ರಕ್ತಕ್ಕೆ ಮರಳುತ್ತದೆ, ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಆಗ ಹೃದಯವೇ ಒಂದು ಹಾರ್ಮೋನು ಬಿಟ್ಟು ಮೂತ್ರಪಿಂಡಕ್ಕೆ ‘ಉಪ್ಪು, ನೀರು ಹೊರಗೆ ಹಾಕು’ ಎನ್ನುತ್ತದೆ. ಹಗಲಿನ ಕೆಲಸ ನಡುರಾತ್ರಿಗೆ ಬೀಳುತ್ತದೆ.

ಸಂಜೆ ಸ್ವಲ್ಪ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಲಿ, ರಾತ್ರಿಯ ಗಂಜಿಗೆ ಉಪ್ಪಿನಕಾಯಿ ಕಡಿಮೆ ಮಾಡಲಿ. ಆದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಲ್ಲೂ ಹೀಗಾಗುತ್ತದೆ. ದಯವಿಟ್ಟು ಒಮ್ಮೆ ಡಾಕ್ಟರಿಗೆ ತೋರಿಸಿ. ಪ್ರೆಶರಿನ ಮಾತ್ರೆ ತಗೊಳ್ಳುತ್ತಿದ್ದರೆ ಯಾವ ಹೊತ್ತಿಗೆ ಎಂಬುದನ್ನೂ ಹೇಳಿ.