ಕಾರಿನ ಡಿಕ್ಕಿಗೆ ಅದೇ ಬಣ್ಣದ ಮುಚ್ಚಳ ಹುಡುಕುತ್ತಿದ್ದೀರಾ? ಬೇಡ ಬಿಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಿಮ್ಮದು ಸಿಲ್ವರ್ ಬಣ್ಣದ ಮಾರುತಿ ಡಿಸೈರ್ ಕಾರು, ಹತ್ತು ವರ್ಷ ದಾಟಿದೆ, ಹಿಂದಿನಿಂದ ಕ್ಯಾಬ್ ಗುದ್ದಿ ಡಿಕ್ಕಿ ಮುಚ್ಚಳ ಹಾಳಾಗಿದೆ. ಗುಜರಿಯಲ್ಲಿ ಅದೇ ಬಣ್ಣದ್ದು ಸಿಕ್ಕರೆ ಪೇಂಟ್ ಖರ್ಚು ಉಳಿಯುತ್ತದೆ, ಬೆಂಗಳೂರಲ್ಲಿ ಎಲ್ಲಿ ಹುಡುಕಲಿ ಅಂತ ತಾನೆ ನೀವು ಕೇಳಿರುವುದು? 2021ರಲ್ಲಿ ನಾನೂ ಸಿಕ್ಕಸಿಕ್ಕವರನ್ನೆಲ್ಲ ಇದನ್ನೇ ಕೇಳಿದ್ದೆ. ಬಣ್ಣ ಬಿಡಪ್ಪಾ ಅಂತ ಒಬ್ಬರು ಹೇಳಿದ್ದರು ಕೂಡ. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನದು 2013ರ ಡಿಸೈರ್, ಅದೂ ಸಿಲ್ವರ್. ಆಗಸ್ಟ್ ತಿಂಗಳು, ಗೊರಗುಂಟೆಪಾಳ್ಯ ಸಿಗ್ನಲ್. ನಿಂತಿದ್ದ ಕಾರಿಗೆ ಗೂಡ್ಸ್ ಟೆಂಪೋ ಬಂದು ಗುದ್ದಿತು. ಡಿಕ್ಕಿ ಹೊಡೆದದ್ದು ಸರಿಯಾಗಿ ಡಿಕ್ಕಿಗೇ. ಮುಚ್ಚಳ ನಡುವೆ ಮಡಚಿಕೊಂಡು ಹಪ್ಪಳದ ಥರ ಆಯಿತು. ಓಡಿಸುತ್ತಿದ್ದವನು ಚಿಕ್ಕ ಹುಡುಗ. "ಅಣ್ಣ, ಓನರ್‌ಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ" ಅಂತ ಕೈ ಮುಗಿದು ಎರಡು ಸಾವಿರ ಕೊಟ್ಟ. ಹಿಂದೆ ಹಾರ್ನ್ ಮೇಲೆ ಹಾರ್ನ್. ತೆಗೆದುಕೊಂಡು ಬಂದುಬಿಟ್ಟೆ.

ಇನ್ಶೂರೆನ್ಸ್ ಬಗ್ಗೆಯೂ ನೀವು ಕೇಳಿದ್ದೀರಿ, ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ಬಂಪರ್‌ನಂಥ ಪ್ಲಾಸ್ಟಿಕ್‌ಗೂ 50%. ಅದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಸಾವಿರ ರೂಪಾಯಿ ನಮ್ಮ ಕೈಯಿಂದ. ಐದು ವರ್ಷ ಕ್ಲೇಮ್ ಮಾಡದೆ ಕೂಡಿಸಿದ 50% ನೋ ಕ್ಲೇಮ್ ಬೋನಸ್ಸೂ, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ, ಹೋಗುತ್ತದೆ. ಒಂದು ಮುಚ್ಚಳಕ್ಕೋಸ್ಕರ ಕ್ಲೇಮ್ ಮಾಡೋದು ಲೆಕ್ಕಕ್ಕೆ ಬರಲ್ಲ. ಗುಜರಿಗೆ ಹೋಗುವ ನಿಮ್ಮ ಯೋಚನೆ ಸರಿಯಾಗೇ ಇದೆ. ತಪ್ಪಿರುವುದು ಬಣ್ಣದ್ದು.

ನಮ್ಮ ಮತ್ತಿಕೆರೆಯಲ್ಲಿ ಒಬ್ಬ ಹಿರಿಯ ಟಿಂಕರ್ ಇದ್ದಾರೆ, ನುಗ್ಗಾದ ಕಾರಿನ ತಗಡು ಬಡಿದು ಸರಿ ಮಾಡುವವರು. ಎಲ್ಲರಿಗೂ ಅವರು ಮೇಸ್ತ್ರಿ. ಅವರನ್ನೇ ಕರೆದುಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಬೇಕು. ಬಾನೆಟ್‌ಗಳನ್ನು ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಬಾಗಿಲುಗಳು ಗೋಡೆಗೆ ಒರಗಿರುತ್ತವೆ, ಹೆಡ್‌ಲೈಟುಗಳು ಹಗ್ಗದಲ್ಲಿ ನೇತಾಡುತ್ತಿರುತ್ತವೆ. ಕಾರಿನ ಹೆಸರು ಹೇಳಿದರೆ ಸಾಕು, ಒಬ್ಬ ಹುಡುಗ ಸಂದಿಯಲ್ಲಿ ನುಗ್ಗಿ ಮಾಯವಾಗಿ ಹತ್ತು ನಿಮಿಷಕ್ಕೆ ತಲೆ ಮೇಲೆ ಡಿಕ್ಕಿ ಹೊತ್ತುಕೊಂಡು ಬರುತ್ತಾನೆ.

ಅವನು ಮೊದಲು ತಂದದ್ದು ಬಿಳಿ ಮುಚ್ಚಳ. ಟ್ಯಾಕ್ಸಿಯದ್ದು. ಈ ಮಾಡೆಲ್ ಡಿಸೈರ್ ಟ್ಯಾಕ್ಸಿಗಳು ಲೆಕ್ಕವಿಲ್ಲದಷ್ಟು ಓಡಿವೆ, ಹಾಗಾಗಿ ಗುಜರಿಯಲ್ಲಿ ಬಿಳಿ ಮುಚ್ಚಳಕ್ಕೆ ಬರ ಇಲ್ಲ. ಟ್ರಾವೆಲ್ಸ್‌ನ ಸ್ಟಿಕ್ಕರ್ ಅರ್ಧ ಕಿತ್ತಿತ್ತು, ಮೇಲೆಲ್ಲ ಗೀರು, ನೋಡಲು ದರಿದ್ರವಾಗಿತ್ತು. ಮೇಸ್ತ್ರಿ ಅದನ್ನು ನೆಲದ ಮೇಲೆ ಬೋರಲು ಮಲಗಿಸಿ, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರು. "ಇದು ತಗೊಳ್ಳಿ ಸಾರ್, ನೆಟ್ಟಗಿದೆ" ಅಂದರು. ನಾಲ್ಕು ಸಾವಿರ.

ಅಷ್ಟರಲ್ಲಿ ಅಂಗಡಿಯವನು "ನಿಮ್ದು ಸಿಲ್ವರ್ ಅಲ್ವಾ ಸಾರ್? ಸೇಮ್ ಕಲರ್ ಒಂದು ಇದೆ" ಅಂದ. ಬಂತು ನೋಡಿ. ಥಳಥಳ ಅನ್ನುತ್ತಿತ್ತು. ಒಂದು ಗೀರೂ ಇಲ್ಲ. ಐದೂವರೆ ಸಾವಿರ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಬಿಳಿಯದ್ದು ನಾಲ್ಕು ಸಾವಿರ, ಪೇಂಟ್ ನಾಲ್ಕೂವರೆ, ಒಟ್ಟು ಎಂಟೂವರೆ. ಸಿಲ್ವರ್ ಐದೂವರೆಗೇ ಮುಗಿಯಿತು. ಮೂರು ಸಾವಿರ ಉಳಿತಾಯ. ಮೇಸ್ತ್ರಿ "ಸಾರ್, ಇಷ್ಟು ವರ್ಷ ಓಡಿದ ಕಾರಿನ ಡಿಕ್ಕಿಗೆ ಒಂದು ಗೀರೂ ಇಲ್ಲ ಅಂದ್ರೆ ಯೋಚನೆ ಮಾಡಿ" ಅಂದರು. ಪೇಂಟ್ ಕೆಲಸ ತಪ್ಪುತ್ತದಲ್ಲ, ಅದಕ್ಕೇ ಹೀಗೆ ಹೇಳ್ತಿದ್ದಾರೆ ಅಂದುಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆ ಆಗುತ್ತದೆ.

ಈಗ ಆ ತಪ್ಪು ಏನಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ. ಡಿಕ್ಕಿ ಮುಚ್ಚಳ ಅಂದರೆ ಒಂದೇ ತಗಡಲ್ಲ. ಹೊರಗೆ ಕಾಣುವುದು ಒಂದು ಹಾಳೆ, ಒಳಗೆ ತೂತುತೂತಾಗಿ ಕಾಣುವುದು ಇನ್ನೊಂದು, ಅದೇ ಅದರ ಚೌಕಟ್ಟು. ಹೊರಗಿನ ಹಾಳೆಯ ಅಂಚನ್ನು ಒಳಗಿನದರ ಮೇಲೆ ಸುತ್ತಲೂ ಮಡಚಿ ಕೂರಿಸಿರುತ್ತಾರೆ, ಸೀರೆಗೆ ಅಂಚು ಮಡಚಿ ಹೊಲಿದ ಹಾಗೆ. ಮುಚ್ಚಳಕ್ಕೆ ಗಟ್ಟಿತನ ಬರುವುದು ಆ ಚೌಕಟ್ಟಿನಿಂದ. ಹಿಂದಿನಿಂದ ಏಟು ಬಿದ್ದಾಗ ಎರಡೂ ಬಗ್ಗುತ್ತವೆ. ಹೊರಗಿನದನ್ನು ಬಡಿದು, ತಗ್ಗಿಗೆ ಪುಟ್ಟಿ ಪೇಸ್ಟ್ ತುಂಬಿ, ಉಜ್ಜಿ, ಬಣ್ಣ ಹೊಡೆದರೆ ಕನ್ನಡಿ ಥರ ಕಾಣುತ್ತದೆ. ಒಳಗಿನ ಚೌಕಟ್ಟು ತಿರುಚಿಕೊಂಡದ್ದು ಹಾಗೇ ಉಳಿಯುತ್ತದೆ. ನಾನು ಕೊಂಡದ್ದು ಅಂಥದ್ದೇ. ಯಾರದ್ದೋ ಗುದ್ದಿಸಿಕೊಂಡ ಡಿಕ್ಕಿಯನ್ನು ರಿಪೇರಿ ಮಾಡಿ, ಆ ಕಾರೂ ಗುಜರಿ ಸೇರಿದ ಮೇಲೆ ನನಗೆ ಮಾರಿದ್ದರು. ಹೊಳೆಯುತ್ತಿದ್ದ ಆ ಬಣ್ಣವೇ ನನಗೆ ಎಚ್ಚರಿಕೆ ಆಗಬೇಕಿತ್ತು. ಅದು ಕಂಪನಿಯಲ್ಲಿ ಹೊಡೆದ ಬಣ್ಣ ಅಲ್ಲ. ನಾನು ಬಣ್ಣ ನೋಡಿ ಒಪ್ಪಿಕೊಂಡೆ, ಮೇಸ್ತ್ರಿ ಆಕಾರ ನೋಡಿ ಬಿಳಿಯದ್ದನ್ನು ಆರಿಸಿದ್ದರು.

ಇನ್ನೂ ತಮಾಷೆ ಅಂದರೆ ಬಣ್ಣವಾದರೂ ಹೊಂದಿತಾ? ಅದೂ ಇಲ್ಲ. ಬಣ್ಣದ ಕೋಡ್ ಪ್ರಕಾರ ಎರಡೂ ಸಿಲ್ಕಿ ಸಿಲ್ವರ್. ನನ್ನ ಕಾರು ಎಂಟು ವರ್ಷ ರಸ್ತೆ ಬದಿಯ ಬಿಸಿಲಲ್ಲಿ ನಿಂತದ್ದು, ಹಾಗಾಗಿ ಮಂಕು. ಮಧ್ಯಾಹ್ನ ನೇರ ನಿಂತು ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಸಂಜೆ ಪಕ್ಕದಿಂದ ನೋಡಿದರೆ ಡಿಕ್ಕಿ ಒಂದು ಕಾರಿನದು, ಬಾಡಿ ಇನ್ನೊಂದು ಕಾರಿನದು. ಸಿಲ್ವರ್‌ನಲ್ಲಿ ಲೋಹದ ಪುಡಿ ಇರುತ್ತದೆ, ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಪೇಂಟರ್‌ಗಳನ್ನು ಕೇಳಿ, ಹೊಂದಿಸಲು ತುಂಬಾ ಕಷ್ಟದ ಬಣ್ಣಗಳಲ್ಲಿ ಇದೂ ಒಂದು ಅಂತಾರೆ.

ಮೇಸ್ತ್ರಿ ಒಳಗೆ ತಳ್ಳಿಕೊಂಡಿದ್ದ ಬ್ಯಾಕ್ ಪ್ಯಾನೆಲ್ (ಮುಚ್ಚಳದ ಕೆಳಗಿನ ಹಿಂಬದಿ ತಗಡು) ಎಳೆದು ಸರಿ ಮಾಡಿ, ಮುಚ್ಚಳ ಕೂರಿಸಲು ಅರ್ಧ ದಿನ ಒದ್ದಾಡಿದರು. ಮುಚ್ಚಳದ ಕೀಲು, ಅಂದರೆ ಹಿಂಜ್, ಅದರ ಬೋಲ್ಟಿನ ತೂತುಗಳು ಸ್ವಲ್ಪ ಉದ್ದಕ್ಕಿರುತ್ತವೆ, ಮುಚ್ಚಳವನ್ನು ಅತ್ತಿತ್ತ ಸರಿಸಬಹುದು. ಮೂಲೆಯ ರಬ್ಬರ್ ಗುಂಡಿಗಳನ್ನು ತಿರುಗಿಸಿ ಮೇಲೆ ಕೆಳಗೆ ಮಾಡಬಹುದು. ಎಡಗಡೆ ಸರಿ ಮಾಡಿದರೆ ಬಲಗಡೆ ಎದ್ದು ನಿಲ್ಲುತ್ತಿತ್ತು. ಕೊನೆಗೆ ನಾನೇ "ಹಿಂಜನ್ನೇ ಸ್ವಲ್ಪ ಬಗ್ಗಿಸಿ ಮೇಸ್ತ್ರಿ" ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ಒಪ್ಪಲಿಲ್ಲ, ಪುಣ್ಯ. ಎಡ ಮೂಲೆಯಲ್ಲಿ ಬೆರಳ ಉಗುರು ತೂರುವಷ್ಟು ಸಂದಿ ಉಳಿಯಿತು. ಸಾವಿರದ ಐನೂರು ಕೂಲಿ ಕೊಟ್ಟು ಮನೆಗೆ ಬಂದೆ.

ಆ ವರ್ಷದ ನವೆಂಬರ್ ಮಳೆ ನಿಮಗೂ ನೆನಪಿರಬೇಕು. ಯಲಹಂಕದಲ್ಲಿ ಅಪಾರ್ಟ್‌ಮೆಂಟ್‌ಗೇ ನೀರು ನುಗ್ಗಿತ್ತು. ಅದಾದ ಮೇಲೆ ಕಾರಲ್ಲಿ ಒಂಥರಾ ಮುಗ್ಗಲು ವಾಸನೆ. ಯಶವಂತಪುರ ಎಪಿಎಂಸಿಯಿಂದ ತಂದ ಆಲೂಗಡ್ಡೆ ಮೂಟೆಯಲ್ಲಿ ಒಂದೆರಡು ಕೊಳೆತು ಎಲ್ಲೋ ಉರುಳಿರಬೇಕು ಅಂದುಕೊಂಡೆ. ಕರ್ಪೂರ ಇಟ್ಟೆ, ನಿಂಬೆಹಣ್ಣು ಇಟ್ಟೆ, ಸೆಂಟ್ ತಂದು ನೇತುಹಾಕಿದೆ. ಡಿಕ್ಕಿಯ ಮ್ಯಾಟ್ ಮಾತ್ರ ಎತ್ತಿ ನೋಡಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿ ಮುಗಿಸಿ ಅಪ್ಪ ಅಮ್ಮನನ್ನು ತುಮಕೂರಿಗೆ ಕರೆದುಕೊಂಡು ಹೊರಟೆ. ದಾಬಸ್‌ಪೇಟೆ ಹತ್ತಿರ ಪಂಕ್ಚರ್. ಮ್ಯಾಟ್ ಎತ್ತಿದೆ. ಸ್ಟೆಪ್ನಿ ನೀರಲ್ಲಿ ಕೂತಿತ್ತು. ನಿಜವಾಗಿ ಕೂತಿತ್ತು, ಬಾವಿಯಲ್ಲಿ ಬಿಂದಿಗೆ ಬಿದ್ದ ಹಾಗೆ. ಚಹಾ ಬಣ್ಣದ ನೀರು, ಮೇಲೆ ತೇಲುತ್ತಿದ್ದ ಒಂದು ಪಾರ್ಕಿಂಗ್ ಚೀಟಿ. ಚಕ್ರದ ಡಿಸ್ಕ್ ತುಕ್ಕು ಹಿಡಿದು ಟೈರಿನ ಗಾಳಿ ಪೂರ್ತಿ ಹೋಗಿತ್ತು. ಜಾಕಿಯ ಸ್ಕ್ರೂ ತಿರುಗಲೇ ಇಲ್ಲ. ಅಪ್ಪ ಬಗ್ಗಿ ನೋಡಿ "ಮೀನು ಬಿಟ್ಟಿದ್ರೆ ಇಷ್ಟೊತ್ತಿಗೆ ಮರಿ ಹಾಕಿರೋದು" ಅಂದರು. ಪಂಕ್ಚರ್ ಹುಡುಗನನ್ನು ಫೋನ್ ಮಾಡಿ ಕರೆಸಲು ಸಾವಿರದ ಇನ್ನೂರು.

ಮನೆಗೆ ಬಂದ ಮೇಲೆ ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಿದೆ. ಡಿಕ್ಕಿ ಒಣಗಿಸಿ, ಒಳಗೆಲ್ಲ ಹಳೇ ಪೇಪರ್ ಹಾಸಿ, ಮುಚ್ಚಿ, ಪೈಪಲ್ಲಿ ಐದು ನಿಮಿಷ ನೀರು ಬಿಟ್ಟೆ. ತೆಗೆದರೆ ಎಡ ಮೂಲೆಯ ಪೇಪರ್ ಮಾತ್ರ ಒದ್ದೆ. ಡಿಕ್ಕಿ ಬಾಯಿಯ ಸುತ್ತಲಿನ ರಬ್ಬರ್ ಬೀಡಿಂಗ್‌ಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆಗೆದೆ. ಸುತ್ತಲೂ ಮುಚ್ಚಳಕ್ಕೆ ಬಿಳಿ ಗೆರೆ ಹತ್ತಿತ್ತು, ಎಡ ಮೂಲೆಯಲ್ಲಿ ಒಂದು ಗೇಣಿನಷ್ಟು ಖಾಲಿ. ಅಲ್ಲಿ ಮುಚ್ಚಳ ರಬ್ಬರನ್ನು ಮುಟ್ಟುತ್ತಲೇ ಇರಲಿಲ್ಲ. ಮುಚ್ಚಳ ಕೂರಿಸಿದ ದಿನವೇ ಈ ಎರಡು ಕೆಲಸ ಮಾಡಿ, ದುಡ್ಡು ಕೊಡುವ ಮೊದಲು.

ಆಮೇಲೆ ಮತ್ತೆ ಶಿವಾಜಿನಗರ, ಮತ್ತೆ ಬಿಳಿ ಮುಚ್ಚಳ, ಈ ಸಲ ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ಪೇಂಟ್ ಮಾಡಿಸಿದೆ. ಪೇಂಟರ್ ನನ್ನ ಕಾರಿನ ಮಂಕು ಸಿಲ್ವರ್ ನೋಡಿಕೊಂಡು ಬಣ್ಣ ಕಲಸಿದ್ದರಿಂದ ಅದು ಮೊದಲಿನದಕ್ಕಿಂತ ಚೆನ್ನಾಗಿ ಹೊಂದಿತು. ಮೊದಲ ಮುಚ್ಚಳ, ಕೂಲಿ, ಸ್ಟೆಪ್ನಿಯ ಹೊಸ ಡಿಸ್ಕ್, ಮ್ಯಾಟ್, ಪಂಕ್ಚರ್ ಹುಡುಗ, ಎಲ್ಲ ಸೇರಿ 10,700 ರೂಪಾಯಿ ದಂಡ. ಮೂರು ಸಾವಿರ ಉಳಿಸಲು ಹೋಗಿ.

ಹಾಗಾಗಿ ಅಂಗಡಿ ಯಾವುದು ಅಂತ ಕೇಳಬೇಡಿ, ಡಿಕ್ಕಿ ಯಾವುದು ಅಂತ ಕೇಳಿ. ಕೊಳಕಾಗಿರಲಿ, ನೆಟ್ಟಗಿರಲಿ. ಫ್ರಿಜ್ ಮೇಲಿನ ಒಂದು ಅಯಸ್ಕಾಂತ ಜೇಬಲ್ಲಿ ಹಾಕಿಕೊಂಡು ಹೋಗಿ. ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯುವುದಿಲ್ಲ, ಜಾರುತ್ತದೆ. ಒಳಬದಿ ತಿರುಗಿಸಿ ನೋಡಿ. ಕಂಪನಿಯ ಸ್ಪಾಟ್ ವೆಲ್ಡ್ ಗುಂಡು ಗುರುತುಗಳು ಸಮಸಮವಾಗಿ ಇರಬೇಕು. ಮಡಚಿದ ಅಂಚಿನ ಮೇಲೆ ನೀರು ಹೋಗದಂತೆ ಬಳಿದ ಸೀಲಂಟ್ ಒಂದೇ ದಪ್ಪದ ಗೆರೆಯಾಗಿರಬೇಕು. ಕೈಯಲ್ಲಿ ಬಳಿದ ಹಾಗೆ ಉಬ್ಬುತಗ್ಗಾಗಿದ್ದರೆ ಬಿಟ್ಟು ಬನ್ನಿ. "ಎಲ್ಲ ಡಿಸೈರ್‌ಗೂ ಒಂದೇ ಸಾರ್" ಅಂದರೆ ನಂಬಬೇಡಿ. 2008ರ ಡಿಸೈರ್ 4,160 ಮಿ.ಮೀ. ಉದ್ದ ಇತ್ತು, 2012ರಲ್ಲಿ ಹಿಂಭಾಗ ಮೋಟು ಮಾಡಿ 3,995ಕ್ಕೆ ಇಳಿಸಿದರು, 2017ರಲ್ಲಿ ಮತ್ತೆ ಪೂರ್ತಿ ಬದಲಾಯಿತು. ಮೂರರ ಡಿಕ್ಕಿಯೂ ಬೇರೆ ಬೇರೆ.

ಬಿಲ್ ಕೇಳಿ, ಯಾವ ಗಾಡಿಯದ್ದು ಅಂತ ಅದರಲ್ಲಿ ಬರೆಸಿ. ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಕದ್ದ ಗಾಡಿಯ ಮಾಲು ನಮ್ಮ ತಲೆಗೆ ಯಾಕೆ? ಇನ್ನೊಂದು, ಶಿವಾಜಿನಗರಕ್ಕೆ ಹೋಗುವ ಮೊದಲು ಕಂಪನಿಯ ಬಿಡಿಭಾಗದ ಕೌಂಟರ್‌ನಲ್ಲೋ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಹೊಸ ಮುಚ್ಚಳದ ಬೆಲೆ ವಿಚಾರಿಸಿ. ಹೊಸದೂ ಬರೀ ಪ್ರೈಮರ್‌ನಲ್ಲೇ ಬರುತ್ತದೆ, ಪೇಂಟ್ ಹೇಗೂ ಆಗಬೇಕು. ವ್ಯತ್ಯಾಸ ಕಡಿಮೆ ಇದ್ದರೆ ಸುಮ್ನೆ ಹೊಸದೇ ಹಾಕಿಸಿ.

ನನ್ನ ಕಾಲದಲ್ಲಿ ಇಲ್ಲದ ಒಂದು ತಲೆನೋವು ನಿಮಗಿದೆ. ಹಿಂದಿನ ನಂಬರ್ ಪ್ಲೇಟ್ ಕೂರುವುದು ಈ ಮುಚ್ಚಳದ ಮೇಲೆಯೇ. 2023ರಲ್ಲಿ ಹಳೇ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಕಡ್ಡಾಯ ಆಯಿತಲ್ಲ, ಅದರ ಸ್ನ್ಯಾಪ್ ಲಾಕ್ ಮುರಿಯದೆ ಬಿಚ್ಚಲು ಬರುವುದಿಲ್ಲ. ಟಿಂಕರ್ ಸುತ್ತಿಗೆ ಎತ್ತುವ ಮೊದಲೇ ಹೇಳಿ, ಲಾಕ್ ಮಾತ್ರ ಹೋಗಲಿ, ಪ್ಲೇಟ್ ಬಗ್ಗಬಾರದು ಅಂತ. ಹಳೇ ಮುಚ್ಚಳದ ವೈರಿಂಗ್, ನಂಬರ್ ಪ್ಲೇಟ್ ಬಲ್ಬಿನ ಹೋಲ್ಡರ್, ಬೀಗ, ರಬ್ಬರ್ ಗುಂಡಿ ಎಲ್ಲ ಬಿಚ್ಚಿ ಇಟ್ಟುಕೊಳ್ಳಿ. ಬೀಗ ನಿಮ್ಮದೇ ಹಾಕಿಸಿದರೆ ಎರಡು ಕೀಲಿ ಹೊತ್ತು ತಿರುಗುವುದು ತಪ್ಪುತ್ತದೆ.

ಆ ಸಿಲ್ವರ್ ಮುಚ್ಚಳ ಏನಾಯಿತು ಅಂತೀರಾ? ನಮ್ಮ ಬೀದಿಗೆ ಬರುವ ಗುಜರಿಯವನಿಗೆ ಹಾಕಿದೆ. ತೂಕ 14 ಕೆಜಿ ತೋರಿಸಿತು. ಅವನು ಜೇಬಿಂದ ಒಂದು ಅಯಸ್ಕಾಂತ ತೆಗೆದು, ಎಡ ಮೂಲೆಯಿಂದ ನಡುವಿನವರೆಗೆ ಆಡಿಸಿ, "ಸಾರ್, ಇದರಲ್ಲಿ ಪುಟ್ಟಿ ಜಾಸ್ತಿ ಇದೆ" ಅಂತ ಎರಡು ಕೆಜಿ ಕಳೆದು ಮುನ್ನೂರು ರೂಪಾಯಿ ಕೊಟ್ಟ.