ಎರಡು ಹನಿ ಲಿಂಬೆರಸಕ್ಕೆ ಬಾವಿ ನೀರಿನ ಪಿಎಚ್ ಇಳಿದದ್ದೇಕೆ?

ಪ್ರಶ್ನೆ: ಪಿಯುಸಿ ಓದುವ ಮಗಳು ಪಿಎಚ್ ಕಾಗದ ತಂದು ಮನೆಯಲ್ಲೇ ಪರೀಕ್ಷೆ ಮಾಡಿದಳು. ನಮ್ಮ ಬಾವಿ ನೀರಿನ ಪಿಎಚ್ 6. ಅರ್ಧ ಲೋಟ ನೀರಿಗೆ ಎರಡು ಹನಿ ಲಿಂಬೆರಸ ಬಿದ್ದದ್ದೇ ತಡ, 4ರ ಹತ್ತಿರಕ್ಕೆ ಇಳಿಯಿತು. ಅಡುಗೆ ಸೋಡಾ ಕರಗಿಸಿದ ನೀರಿಗೆ ಅಷ್ಟೇ ರಸ ಹಾಕಿದರೆ ಕಾಗದದ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಯಾಕೆ ಹೀಗೆ? ಈ ನೀರು ಕುಡಿಯಬಹುದಾ?
— ಗೃಹಿಣಿ, ಹಿರಿಯಡ್ಕ

ಉತ್ತರ: ಮಗಳು ತುಂಬಾ ಒಳ್ಳೆಯ ಪ್ರಯೋಗ ಮಾಡಿದ್ದಾಳೆ. ನೀರು ಎಷ್ಟು ಆಮ್ಲೀಯ ಅಂತ ಹೇಳುವ ಅಂಕಿಯೇ ಪಿಎಚ್. 7 ತಟಸ್ಥ, ಅದಕ್ಕಿಂತ ಇಳಿದಷ್ಟೂ ಆಮ್ಲೀಯ. ಪಿಎಚ್ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ಆ ಅಂಕಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅಂತ ನೋಡುವವರು ಕಮ್ಮಿ.

6ರಿಂದ 4ಕ್ಕೆ ಇಳಿಯುವುದು ಸಣ್ಣ ಬದಲಾವಣೆಯಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಜ್ಞಾನಿ ಸೋರೆನ್ಸೆನ್ ರೂಪಿಸಿದ ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ, ನೀರನ್ನು ಆಮ್ಲೀಯ ಮಾಡುವ ಕಣವಾದ ಹೈಡ್ರೋಜನ್ ಅಯಾನು ಹತ್ತು ಪಟ್ಟು ಹೆಚ್ಚುತ್ತದೆ. ಎರಡು ಅಂಕಿ ಇಳಿದರೆ ನೂರು ಪಟ್ಟು. ಎರಡೇ ಹನಿಗೆ ಇಷ್ಟಾಯಿತು ಅಂದರೆ ಆ ನೀರಿನಲ್ಲಿ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುವ ವಸ್ತು ಹೆಚ್ಚಿಲ್ಲ ಅಂತ ಅರ್ಥ.

ಅಡುಗೆ ಸೋಡಾದಲ್ಲಿ ಆ ವಸ್ತು ಬೇಕಾದಷ್ಟಿದೆ. ಅದರ ಹೆಸರು ಬೈಕಾರ್ಬೊನೇಟ್. ಲಿಂಬೆರಸದಿಂದ ಬಂದ ಹೈಡ್ರೋಜನ್ ಅಯಾನನ್ನು ಅದು ಕೂಡಲೇ ಹಿಡಿದು ಕಾರ್ಬೊನಿಕ್ ಆಮ್ಲವಾಗುತ್ತದೆ. ಇದು ದುರ್ಬಲ ಆಮ್ಲ, ಹಿಡಿದದ್ದನ್ನು ಸುಲಭದಲ್ಲಿ ಬಿಡುವುದಿಲ್ಲ. ದುರ್ಬಲ ಆಮ್ಲ ಮತ್ತು ಅದರ ಲವಣ ಹೀಗೆ ಜೊತೆಗಿದ್ದರೆ ಅದೇ ಬಫರ್. ಆಮ್ಲ ಬಿದ್ದರೆ ಲವಣದ ಭಾಗ ಹಿಡಿಯುತ್ತದೆ, ಕ್ಷಾರ ಬಿದ್ದರೆ ಆಮ್ಲದ ಭಾಗ ಎದುರಿಸುತ್ತದೆ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ನಿಲ್ಲುವುದರಲ್ಲಿ ಇದೇ ಬೈಕಾರ್ಬೊನೇಟ್ ಜೋಡಿಯದ್ದು ದೊಡ್ಡ ಪಾಲು. ಬಫರಿಗೂ ಒಂದು ಮಿತಿ ಇದೆ. ಸೋಡಾ ನೀರಿಗೆ ಲಿಂಬೆರಸ ಹಾಕುತ್ತಲೇ ಹೋಗಿ, ಒಂದು ಹಂತದಲ್ಲಿ ಪಿಎಚ್ ದಡಬಡ ಇಳಿಯುತ್ತದೆ. ಮಗಳು ಹನಿ ಎಣಿಸಿ ಗ್ರಾಫ್ ಹಾಕಲಿ, ಪುಸ್ತಕದ ಚಿತ್ರ ಕಣ್ಣೆದುರೇ ಬರುತ್ತದೆ.

ಇನ್ನು ನಿಮ್ಮ ಬಾವಿ. ನಮ್ಮ ಕರಾವಳಿಯದ್ದು ಮುರಕಲ್ಲಿನ (ಲ್ಯಾಟರೈಟ್) ನೆಲ. ಲಕ್ಷಾಂತರ ವರ್ಷಗಳ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿಸಿದೆ. ಹಾಗಾಗಿ ಇಲ್ಲಿನ ತೆರೆದ ಬಾವಿಗಳ ನೀರಿನಲ್ಲಿ ಬೈಕಾರ್ಬೊನೇಟ್ ಸಾಮಾನ್ಯವಾಗಿ ಕಮ್ಮಿ, ನೀರು ಸ್ವಲ್ಪ ಆಮ್ಲೀಯ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವುದು 6.5ರಿಂದ 8.5. ನಿಮ್ಮದು ಅದಕ್ಕಿಂತ ತುಸು ಕೆಳಗಿದೆ. ಆದರೆ ನಾವು ಇಷ್ಟಪಟ್ಟು ಕುಡಿಯುವ ಲಿಂಬೆ ಪಾನಕ ಇದಕ್ಕಿಂತ ಎಷ್ಟೋ ಹೆಚ್ಚು ಆಮ್ಲೀಯ, ಅಲ್ವಾ? 6 ಎಂಬ ಅಂಕಿಯಿಂದಲೇ ಹೊಟ್ಟೆಗೆ ತೊಂದರೆಯಿಲ್ಲ. ಇಂಥ ನೀರು ಲೋಹದ ಪೈಪು, ನಲ್ಲಿಗಳನ್ನು ನಿಧಾನಕ್ಕೆ ತಿನ್ನುತ್ತದೆ, ಅದು ನಿಜ. ನನ್ನನ್ನು ಕೇಳಿದರೆ, ತೆರೆದ ಬಾವಿಯವರು ಪಿಎಚ್‌ಗಿಂತ ಮೊದಲು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಬೇಕು. ಮಳೆಗಾಲದಲ್ಲಂತೂ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ಲಿಂಬೆ ಹಿಂಡಿದರೆ ಮತ್ತೆ ಹಳದಿ. ಪಿಎಚ್ ಕಾಗದದ ಬದಲು ಅರಿಶಿನ ಸಾಕೇ?
— ಶಿಕ್ಷಕರು, ಸುರತ್ಕಲ್

ಉತ್ತರ: ಸಾಕಾಗದು. ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುವುದು ಪಿಎಚ್ ಸುಮಾರು 7.5 ದಾಟಿದ ಮೇಲೆ. 3 ಇರಲಿ, 6 ಇರಲಿ, ಅದಕ್ಕೆ ಎರಡೂ ಹಳದಿಯೇ. ಹೀಗೆ ಬಣ್ಣ ಬದಲಿಸಿ ಪಿಎಚ್ ತೋರಿಸುವ ಸೂಚಕಗಳು ಹೆಚ್ಚಾಗಿ ದುರ್ಬಲ ಆಮ್ಲಗಳು. ಹೈಡ್ರೋಜನ್ ಕಳೆದುಕೊಂಡಾಗ ಅವು ಹೀರುವ ಬೆಳಕು ಬೇರೆಯಾಗುತ್ತದೆ, ಬಣ್ಣವೂ ಬೇರೆ. ಪ್ರತಿಯೊಂದಕ್ಕೂ ಅದರದ್ದೇ ವ್ಯಾಪ್ತಿ ಇದೆ: ಮೀಥೈಲ್ ಆರೆಂಜ್‌ಗೆ 3.1ರಿಂದ 4.4, ಫಿನಾಲ್ಫ್‌ಥಲೀನ್‌ಗೆ ಸುಮಾರು 8.2ರಿಂದ 10. ತರಗತಿಗೆ ಶಂಖಪುಷ್ಪದ ಹೂ ಒಯ್ಯಿರಿ. ಬಿಸಿನೀರಿನಲ್ಲಿ ನೆನೆಸಿದರೆ ನೀಲಿ ಬಿಡುತ್ತದೆ. ಲಿಂಬೆಗೆ ನೇರಳೆ, ಸೋಪಿನ ನೀರಿಗೆ ಹಸಿರು. ಮಕ್ಕಳಿಗೆ ಆಮ್ಲ, ಕ್ಷಾರ ಎರಡೂ ಒಂದೇ ಹೂವಿನಲ್ಲಿ ಕಾಣುತ್ತವೆ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವ ಮೊದಲು ಬೋರ್ಡೋ ದ್ರಾವಣಕ್ಕೆ ಪೀಶಕತ್ತಿ ಅದ್ದಿ ನೋಡುವುದೇಕೆ?
— ಕೃಷಿಕರು, ಕಾರ್ಕಳ

ಉತ್ತರ: ಬೋರ್ಡೋ ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಮದ್ದು. ಮೈಲುತುತ್ತಿನ ನೀರು ಆಮ್ಲೀಯ. ಸುಣ್ಣ ಅದನ್ನು ತಟಸ್ಥ ಮಾಡಿ ತಾಮ್ರವನ್ನು ಕಟ್ಟಿಹಾಕುತ್ತದೆ. ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು ಅಲಗಿನ ಕಬ್ಬಿಣದ ಮೇಲೆ ಕೆಂಪಾಗಿ ಕೂರುತ್ತದೆ. ಅಂಥ ಮದ್ದು ಎಳೆ ಕಾಯನ್ನು ಸುಡಬಹುದು. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿ. ಕೆಂಪು ಹತ್ತದಿದ್ದರೆ ಸಿಂಪಡಿಸಿ.