ಫ್ಯಾನ್ ಅವರಿಗೆ, ಹೀಟರ್ ನನಗೆ

ಪ್ರಶ್ನೆ: ನಾನು ಕಾರವಾರದವಳು. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಇದು ಮೊದಲ ಚಳಿಗಾಲ. ಅಪಾರ್ಟ್‌ಮೆಂಟಿನ ಕೊನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ, ನಾವಿಬ್ಬರೇ. ಹಗಲು ಬಿಸಿಲು, ರಾತ್ರಿ ಕೈಕಾಲು ಮರಗಟ್ಟುವ ಚಳಿ. ನಮ್ಮನೆಯವರು ಸಿದ್ದಾಪುರ ಕಡೆಯವರು, ಇಂಥ ಚಳಿಯಲ್ಲೂ ಫ್ಯಾನ್ ಇಲ್ಲದೆ ನಿದ್ದೆ ಬರಲ್ಲ ಅನ್ನುತ್ತಾರೆ. ರೂಮ್ ಹೀಟರ್ ತರೋಣ ಅಂದರೆ ಕರೆಂಟ್ ಬಿಲ್ಲಿನ ಕತೆ ಹೇಳುತ್ತಾರೆ. ಅತ್ತೆಯವರು ಫೋನಿನಲ್ಲಿ, ‘ರೂಮಿನಲ್ಲಿ ಒಂದು ಬಾಣಲೆ ಕೆಂಡ ಇಟ್ಟುಕೊಳ್ಳಿ, ಸಾಕು’ ಅಂದಿದ್ದಾರೆ. ಏನು ಮಾಡಲಿ?
- ಓದುಗರು, ಶಿರಸಿ

ಉತ್ತರ: ಮೊದಲು ಕೆಂಡದ ವಿಷಯ. ಬೇಡವೇ ಬೇಡ. ಅತ್ತೆಯವರು ತಪ್ಪು ಹೇಳಿಲ್ಲ, ಅವರು ಹೇಳಿದ್ದು ಅವರ ಮನೆಗೆ ಸರಿ. ಹಂಚಿನ ಮಾಡು, ಗಳುವಿನ ಸಂದಿ, ಸರಿಯಾಗಿ ಮುಚ್ಚಿಕೊಳ್ಳದ ಮರದ ಕಿಟಕಿ, ಹೀಗೆ ಹೊಗೆ ಹೋಗಲು ಅಲ್ಲಿ ನೂರು ದಾರಿ. ನಿಮ್ಮದು ಮೇಲೆ ಸ್ಲ್ಯಾಬ್, ಪಕ್ಕದಲ್ಲಿ ಬಿಗಿಯಾಗಿ ಕೂರುವ ಅಲ್ಯೂಮಿನಿಯಂ ಕಿಟಕಿ. ಇಂಥ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆಯಾದರೆ ಕೆಮ್ಮಿ ಎದ್ದಾದರೂ ಏಳುತ್ತೀರಿ, ಇದರಲ್ಲಿ ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳುವುದೇ ಇಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಅತ್ತೆಯವರಿಗೆ ಇದನ್ನು ನೀವು ಹೇಳಬೇಡಿ, ಮಗನ ಬಾಯಿಂದಲೇ ಹೇಳಿಸಿ.

ಇನ್ನು ಹೀಟರ್. ಲೆಕ್ಕದಲ್ಲಿ ನಿಮ್ಮವರ ಕೈ ಮೇಲು. 2000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ದಿನಕ್ಕೆ 3 ಗಂಟೆ ಅಂದರೂ ತಿಂಗಳಿಗೆ 180 ಯೂನಿಟ್ ಆಯಿತು. ಫ್ರಿಜ್, ಗೀಸರ್, ಮಿಕ್ಸಿ, ಟಿವಿ ಎಲ್ಲ ಸೇರಿದರೆ 200 ದಾಟುವುದು ಖಾತ್ರಿ. ಗೃಹಜ್ಯೋತಿ ಇದ್ದವರು 200 ದಾಟಿದರೆ ಮೇಲಿನಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಆರಿಸುವುದಾದರೆ ತಿಂಗಳಿಗೆ 30 ಯೂನಿಟ್ ಅಷ್ಟೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದಕ್ಕೂ ಮುಂಚೆ ಮಾಡಬಹುದಾದ ಪುಕ್ಕಟೆ ಕೆಲಸಗಳಿವೆ.

ನಿಮಗೆ ಚಳಿ ಜಾಸ್ತಿ ಅನ್ನಿಸುವುದು ಸುಮ್ನೆ ಅಲ್ಲ. ಕಾರವಾರದಲ್ಲಿ ಸಮುದ್ರ ರಾತ್ರಿ ಗಾಳಿಯನ್ನು ಪೂರ್ತಿ ತಣ್ಣಗಾಗಲು ಬಿಡುವುದಿಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎತ್ತರ ಒಂದಕ್ಕೇ ನಾಲ್ಕು ಡಿಗ್ರಿ ಹತ್ತಿರ ಕಳೆಯಿರಿ, ಮೇಲೆ ಸಮುದ್ರವೂ ದೂರ. ಅದರ ಮೇಲೆ ನೀವು ಇರುವುದು ಕೊನೇ ಮಹಡಿಯಲ್ಲಿ. ಮೋಡ ಇಲ್ಲದ ರಾತ್ರಿಯಲ್ಲಿ ಆ ಸ್ಲ್ಯಾಬ್ ಹಗಲು ಕುಡಿದ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಮಧ್ಯಾಹ್ನ ಕಿಟಕಿ, ಪರದೆ ಎಲ್ಲ ತೆರೆದು ಬಿಸಿಲು ಒಳಗೆ ಬಿಡಿ, ಹೊರಗೆ ತಂಪು ಏರುವ ಮುಂಚೆ, ಐದು ಗಂಟೆಗೇ ಮುಚ್ಚಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಬೆಳಿಗ್ಗೆ ಹೊರಡುವಾಗ ಗಾಜು ಮುಚ್ಚಿ ಪರದೆ ಮಾತ್ರ ಸರಿಸಿಟ್ಟು ಹೋಗಿ. ಟೈಲ್ಸ್ ನೆಲ ಅಂಗಾಲಿನ ಬಿಸಿ ಎಳೆಯುತ್ತದೆ, ಮಂಚದ ಪಕ್ಕ ಒಂದು ಚಾಪೆಯೋ ಹಳೇ ಕಂಬಳಿಯೋ ಹಾಸಿ. ಹಿಮ್ಮಡಿ ಒಡೆದಿದ್ದರೆ ಮುರುಗಲ ತುಪ್ಪ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿ, ಅದು ನಿಮ್ಮ ಅತ್ತೆಮನೆಯಲ್ಲೇ ಇದ್ದೀತು. ಕೆಂಡ ಬೇಡ ಅಂದಿದ್ದಕ್ಕೆ ಅವರಿಗೆ ಬೇಜಾರಾಗಿದ್ದರೆ ಇದನ್ನು ಕೇಳಿ ತರಿಸಿಕೊಳ್ಳಿ, ಖುಷಿಯಾಗುತ್ತಾರೆ.

ಕೋಣೆ ಬಿಸಿ ಮಾಡುವುದು ದುಬಾರಿ, ಮೈ ಬೆಚ್ಚಗಿಡುವುದು ಅಗ್ಗ. ಒಂದು ದಪ್ಪ ರಗ್ಗಿಗಿಂತ ಎರಡು ತೆಳು ಹೊದಿಕೆ ಮೇಲು, ನಡುವೆ ಸಿಕ್ಕಿಕೊಂಡ ಗಾಳಿಯೇ ಬಿಸಿ ಹಿಡಿದಿಡುವುದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹಳೇ ಬಟ್ಟೆ ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿ ನೋಡಿದ್ದೀರಾ? ಸಿಕ್ಕರೆ ಒಂದು ಕೊಳ್ಳಿ. ನಿಮಗೊಂದು, ಅವರಿಗೊಂದು ಬೇರೆ ಬೇರೆ ಹೊದಿಕೆ ಇರಲಿ. ಹೊಸ ಜೋಡಿಗೆ ಎರಡು ಹೊದಿಕೆ ಯಾಕೆ ಅಂತ ಯಾರಾದರೂ ಕೇಳಿದರೆ, ರಾತ್ರಿ ಮೂರು ಗಂಟೆಗೆ ಎಳೆದಾಡುವುದು ತಪ್ಪುತ್ತದೆ ಅಂತ ಹೇಳಿ.

ಫ್ಯಾನ್ ವಿಷಯದಲ್ಲಿ ನಿಮ್ಮವರನ್ನು ಒಂದು ಮಾತು ಕೇಳಿ: ಬೇಕಾಗಿದ್ದು ಗಾಳಿಯಾ, ಸದ್ದಾ, ಇಲ್ಲ ಸೊಳ್ಳೆ ಓಡಿಸುವುದಾ? ಬಹಳ ಜನಕ್ಕೆ ಬೇಕಾಗಿರುವುದು ಆ ಗುಂಯ್ ಅನ್ನುವ ಸದ್ದು ಮಾತ್ರ. ಹಾಗಿದ್ದರೆ ಒಂದು ಟೇಬಲ್ ಫ್ಯಾನ್ ಗೋಡೆಗೆ ಮುಖ ಮಾಡಿ ಇಡಿ. ಸೊಳ್ಳೆಗಾದರೆ ಪರದೆ ಕಟ್ಟಿ, ಅದು ಗಾಳಿಯನ್ನೂ ಅರ್ಧ ತಡೆಯುತ್ತದೆ. ಗಾಳಿಯೇ ಬೇಕು ಅಂದರೆ ಫ್ಯಾನಿನ ಕಡೆ ಅವರೇ ಮಲಗಲಿ!

ಪ್ರಶ್ನೆ: ದೋಸೆ ಹಿಟ್ಟು ಬೆಳಿಗ್ಗೆವರೆಗೂ ಹುಳಿ ಬರುತ್ತಿಲ್ಲ. ತೆಂಗಿನ ಎಣ್ಣೆ ಬಾಟ್ಲಿಯಲ್ಲೇ ಕಲ್ಲಾಗಿದೆ. ಕಲಬೆರಕೆ ಎಣ್ಣೆ ಕೊಟ್ಟಿದ್ದಾರೆ ಅಂತ ನನ್ನ ಹೆಂಡತಿಗೆ ಅನುಮಾನ. ಹೌದಾ?
- ಓದುಗರು, ಯಲ್ಲಾಪುರ

ಉತ್ತರ: ಗಟ್ಟಿಯಾಯಿತು ಅಂತ ಎಣ್ಣೆಯನ್ನು ಅನುಮಾನಿಸಬೇಡಿ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದೇ ಅದರ ಗುಣ. ಅಡುಗೆಮನೆ ಅಷ್ಟು ತಣ್ಣಗಿದೆ ಅಂತ ಅದು ಹೇಳುತ್ತಿದೆ, ಹಿಟ್ಟು ಉಬ್ಬದಿರುವುದಕ್ಕೂ ಕಾರಣ ಅದೇ. ಎಣ್ಣೆಯನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿಡಿ, ಚಮಚದಲ್ಲಿ ತೆಗೆಯಬಹುದು. ಹಿಟ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಪಾತ್ರೆಯನ್ನು ಒಂದು ದೊಡ್ಡ ಡಬ್ಬಿಯಲ್ಲೋ ಬಕೆಟಿನಲ್ಲೋ ಇಟ್ಟು ಪಕ್ಕದಲ್ಲಿ ಬಿಸಿನೀರಿನ ಬಾಟ್ಲಿ ನಿಲ್ಲಿಸಿ ಮೇಲೆ ಟವೆಲ್ ಮುಚ್ಚಿ. ರಾತ್ರಿ ಹತ್ತಕ್ಕೆ ಅಲ್ಲ, ಸಂಜೆ ಆರಕ್ಕೇ ರುಬ್ಬಿ. ಸೋಡಾ ಹಾಕಿದರೆ ಉಬ್ಬುತ್ತದೆ ನಿಜ, ಹುಳಿ ರುಚಿ ಬರಲ್ಲ.

ಪ್ರಶ್ನೆ: ನಮ್ಮದು 15 ಲೀಟರ್ ಗೀಸರ್. ಮೊದಲು ಸ್ನಾನಕ್ಕೆ ಹೋದವರಿಗೆ ಬಿಸಿನೀರು, ಆಮೇಲಿನವರಿಗೆ ತಣ್ಣೀರು. ದಿನಾ ಬೆಳಿಗ್ಗೆ ಇದೇ ಗಲಾಟೆ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಹಾಕಿಸಿಬಿಡೋಣವಾ?
- ಓದುಗರು, ಸಿದ್ದಾಪುರ

ಉತ್ತರ: ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಬೇಡ, ಕೆಂಡಕ್ಕೆ ಹೇಳಿದ್ದೇ ಇದಕ್ಕೂ. ಹಾಕಿಸುವುದೇ ಆದರೆ ಯಂತ್ರ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಲಿ, ಪೈಪ್ ಮಾತ್ರ ಒಳಗೆ ಬರಲಿ. ಆದರೆ ನಿಮಗೆ ಅದರ ಅಗತ್ಯವೇ ಕಾಣುವುದಿಲ್ಲ. ಟ್ಯಾಂಕಿನ ನೀರು 20 ಡಿಗ್ರಿ, ಗೀಸರಿನದು 60 ಅಂತ ಇಟ್ಟುಕೊಂಡರೆ, ಅರ್ಧಕ್ಕರ್ಧ ಬೆರೆಸಿದಾಗ ಒಟ್ಟು 30 ಲೀಟರ್ ಹದವಾದ ನೀರು ಸಿಗುತ್ತದೆ. ಬಕೆಟಿನಲ್ಲಿ ಮಾಡಿದರೆ ಇಬ್ಬರಿಗೂ ಸಾಕು, ಷವರ್ ಕೆಳಗೆ ನಿಂತರೆ ಮೂರು ನಾಲ್ಕು ನಿಮಿಷಕ್ಕೆ ಖಾಲಿ. ಪೂರ್ತಿ ಖಾಲಿಯಾದರೂ 2000 ವ್ಯಾಟಿನ ಗೀಸರ್ ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ಮತ್ತೆ ಕಾಯುತ್ತದೆ, ಖರ್ಚು ಮುಕ್ಕಾಲು ಯೂನಿಟಿಗಿಂತ ಕಡಿಮೆ. ಮೊದಲು ಹೋದವರು ಸ್ವಿಚ್ ಆರಿಸದೆ ಬಂದು ಕಷಾಯಕ್ಕೆ ಇಡಲಿ, ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಎರಡನೆಯವರ ನೀರು ಕಾದಿರುತ್ತದೆ.